ತಂತಿ ಅಳಿಸಿದರೆ ಫೋಟೊ ಏನಕ್ಕೆ?

ದರೋಜಿ ಕರಡಿಧಾಮದ ಫೋಟೊ ಅಂದರೆ ಹೆಚ್ಚಾಗಿ ಅದೇ ಬಂಡೆ, ಅದೇ ಕೋನ. ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಮಿಶ್ರಣ ಸವರುತ್ತಾರೆ, ಮಧ್ಯಾಹ್ನ ಇಳಿದ ಮೇಲೆ ಕರಡಿ ನೆಕ್ಕಲು ಬರುತ್ತದೆ, ವೀಕ್ಷಣಾ ಗೋಪುರದಿಂದ ಕ್ಲಿಕ್. ನೋಡಲಿಕ್ಕೆ ಚೆಂದ, ತಪ್ಪೂ ಅಲ್ಲ. ಆದರೆ ಕೆಳಗೆ ‘ಕಾಡಿನ ಸಹಜ ಬದುಕು’ ಅಂತ ಬರೆಯಬೇಡ್ರಿ, ‘ಬೆಲ್ಲ ಸವರಿದ ಬಂಡೆ’ ಅಂತಲೇ ಬರೀರಿ. ಕರಡಿ ಏನು ತಿಂದು ಬದುಕಿದೆ ಅಂತ ಹೇಳುವುದು ಅಗೆದ ಗೆದ್ದಲ ಹುತ್ತದ ಫೋಟೊ, ಬಾರೆಹಣ್ಣಿನ ಬೀಜ ತುಂಬಿದ ಹಿಕ್ಕೆಯ ಫೋಟೊ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೂರು ಫ್ರೇಮ್: ಸುತ್ತಲ ಜಾಗ, ಹುತ್ತ ಪೂರ್ತಿ, ಉಗುರಿನ ಗೀರು. ಇವಕ್ಕೆ ಲೈಕ್ ಬರೋದಿಲ್ಲ, ಅದು ಬೇರೆ ಮಾತು.

ಬಳ್ಳಾರಿ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲದ ಎರ್ಲಡ್ಡು ಹಕ್ಕಿಯದು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದಕ್ಕಿಂತ ಸೂಕ್ಷ್ಮ. ಗಂಡು 15 ಕಿಲೋವರೆಗೂ ತೂಗಬಲ್ಲ ಹಕ್ಕಿ. ಕಣ್ಣು ತಲೆಯ ಬದಿಗಿರುವುದರಿಂದ ಎದುರಿನದು ಸರಿಯಾಗಿ ಕಾಣದು. ಹಾರುವಾಗ ವಿದ್ಯುತ್ ತಂತಿ ಕಾಣುವಷ್ಟರಲ್ಲಿ ಭಾರದ ಮೈ ತಿರುಗದು, ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನಲ್ಲಿ ಈ ಹಕ್ಕಿಗಾಗಿ 2021ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವೂ ತಂತಿಗಳ ಬಗ್ಗೆಯೇ. ಇಷ್ಟಾದರೂ ನಮ್ಮ ಫೋಟೊಗ್ರಾಫರ್‌ಗಳು ‘ಅಡ್ಡ ಬರ್ತದ’ ಅಂತ ಸಾಫ್ಟ್‌ವೇರ್‌ನಲ್ಲಿ ಮೊದಲು ಒರೆಸುವುದು ಆ ತಂತಿಯನ್ನೇ! ಹಕ್ಕಿ, ತಂತಿ, ಕಂಬ ಮೂರೂ ಒಂದೇ ಫ್ರೇಮಿನಲ್ಲಿದ್ದರೆ ಅದೇ ದಾಖಲೆ. ಕತ್ತರಿಸಿದ ಜೆಪೆಗ್ ಅನ್ನು ಯಾರು ಬೇಕಾದರೂ ಪ್ರಶ್ನಿಸಬಹುದು, ಕ್ಯಾಮೆರಾ ತೆಗೆದ, ತಿದ್ದದ ಮೂಲ ರಾ ಫೈಲ್ ಉಳಿಸಿಕೊಳ್ಳಿ. ಬ್ಯಾಟರಿ ಖಾಲಿಯಾಗಿ ಬಹಳ ದಿನ ಬಿಟ್ಟರೆ ಕ್ಯಾಮೆರಾದ ಗಡಿಯಾರ ತಪ್ಪಬಹುದು, ತಾರೀಖು ಕೆಟ್ಟರೆ ಚಿತ್ರ ಇದ್ದೂ ಇಲ್ಲದಂತೆ.

ಎರೆ ನೆಲ ಬಿಸಿಲಿಗೆ ಬೇಗ ಕಾಯುತ್ತದೆ. ಒಂಬತ್ತರ ನಂತರ ಬಿಸಿಗಾಳಿ ನೀರಿನಂತೆ ಅಲೆದು ಚಿತ್ರ ಕಲಸುತ್ತದೆ. ಲಕ್ಷಗಟ್ಟಲೆ ಕೊಟ್ಟು 600 ಎಂಎಂ ಲೆನ್ಸ್ ತಂದರೂ ಅಷ್ಟೇ, ಕಲಸಿದ್ದೇ ದೊಡ್ಡದಾಗಿ ಕಾಣುತ್ತದೆ. ಸೂರ್ಯ ಹುಟ್ಟಿದ ಮೊದಲ ಎರಡು ತಾಸು ಸಾಕು. ಶಟರ್ ವೇಗ ನಡೆಯುವ ಹಕ್ಕಿಗೆ 1/800 ಸೆಕೆಂಡ್, ಹಾರುವುದಕ್ಕೆ 1/2000. ಗಂಡಿನ ಬಿಳಿ ಕುತ್ತಿಗೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಮೂರರಲ್ಲಿ ಎರಡು ಪಾಲು ಸ್ಟಾಪ್ (ಬೆಳಕಿನ ಅಳತೆ) ಇಳಿಸಿ. ಗಾಡಿಯಿಂದ ಇಳಿಯಬೇಡಿ, ಕಿಟಕಿಯ ಮೇಲೆ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಇಟ್ಟು ಲೆನ್ಸ್ ಊರಿದರೆ ಆಯಿತು. ಹಕ್ಕಿ ಕುತ್ತಿಗೆ ಎತ್ತಿ ದೂರ ನಡೆಯತೊಡಗಿತೆಂದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ, ಗಾಡಿ ಹಿಂದಕ್ಕೆ ತೆಗೀರಿ. ಮಳೆ ಬಿದ್ದ ಎರೆಯಲ್ಲಿ ಚಕ್ರ ಹೂತು ಟ್ರ್ಯಾಕ್ಟರ್ ಕರೆಸುವ ಗದ್ದಲವಾದರೆ ಆ ದಿನ ಮುಗಿದಂತೆ.

ಮೊಟ್ಟೆಯ ತಂಟೆಗೆ ಹೋಗಲೇಬೇಡಿ. ಸಾಮಾನ್ಯವಾಗಿ ಇಡುವುದೇ ಒಂದು, ಅದೂ ಬರೀ ನೆಲದ ಮೇಲೆ. ತಾಯಿ ಎದ್ದು ಹೋದರೆ ಕಾಗೆ, ನಾಯಿ ಕಾದೇ ಇರುತ್ತವೆ.

ಜಾಗದ ಹೆಸರು? ಹಾಕಬಾರದು. ಪೋಸ್ಟಿನಲ್ಲಿ ಜಿಲ್ಲೆಯ ಹೆಸರಿಗೇ ನಿಲ್ಲಿಸಿ, ಜಿಪಿಎಸ್ ಅಂಕಿ ಅರಣ್ಯ ಇಲಾಖೆಗೆ ಮಾತ್ರ. ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಫೋಟೊದೊಳಗಿನ ಜಿಪಿಎಸ್ ಅಂಕಿ ಅಳಿಯದೆ ಜೊತೆಗೇ ಹೋಗುತ್ತದೆ, ಇದು ಬಹಳ ಜನಕ್ಕೆ ತಿಳಿದಿಲ್ಲ. ಹಿಂದೆ ನೀರಿನ ಟ್ಯಾಂಕೋ ಗುಡಿಯ ಗೋಪುರವೋ ಕಂಡರೂ ಊರು ಸಿಕ್ಕಿಬಿಡುತ್ತದೆ. ಕೊಪ್ಪಳ ಕಡೆಯ ತೋಳದ ಗುಹೆಗೂ ಇದೇ ಮಾತು: ನಾಲ್ಕು ಗಾಡಿ ನಿಂತವೆಂದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಸಾಗುತ್ತದೆ.

ತುಂಗಭದ್ರೆಯ ನೀರುನಾಯಿ ಮೀಸಲು 2015ರಲ್ಲಿ ಆಯಿತು. ಅಲ್ಲಿ ನೀರುನಾಯಿ ಕಾಣದ ದಿನವೂ ಕೆಲಸವಿದೆ: ಬಂಡೆಯ ಮೇಲಿನ ಮೀನಿನ ಹುರುಪೆ ತುಂಬಿದ ಹಿಕ್ಕೆ, ದಡದ ಹೆಜ್ಜೆ, ಹರಿದು ಬಿದ್ದ ಬಲೆ. ಬಲೆಯನ್ನು ಸರಿಸಿ ‘ಕ್ಲೀನ್’ ಫ್ರೇಮ್ ಮಾಡಬೇಡಿ, ಮೊದಲು ಅದು ಬಿದ್ದಂತೆಯೇ ತೆಗೀರಿ, ಆಮೇಲೆ ಎತ್ತಿ ಹೊರಗೆ ಹಾಕ್ರಿ.