ಗೊಂಬೆಯ ಮುಖ ಅಲ್ಲಾಡದೇ ಇದ್ದಿದ್ದೇ ಒಳ್ಳೇದಾಯ್ತು

ಈಗಿನ ಮಕ್ಕಳ ಕತೆಯ ವಿಡಿಯೊಗಳಲ್ಲಿ ನನಗೆ ಸಿಟ್ಟು ತರಿಸುವುದು ಅದರಲ್ಲಿರುವ ಮುಖಗಳು. ಕಂಪ್ಯೂಟರ್‌ನಲ್ಲಿ ಮಾಡಿದ ರಾಜಕುಮಾರಿ ಇರಲಿ, ಕರಡಿ ಇರಲಿ, ಹುಬ್ಬು ಒಂದೇ ಸಮನೆ ಕುಣಿಯುತ್ತಿರುತ್ತದೆ. ಖುಷಿಯಾದರೆ ಕಣ್ಣು ಅಗಲ, ಹೆದರಿದರೆ ಇನ್ನೂ ಅಗಲ. ನೋಡುವ ಮಗುವಿಗೆ ಊಹಿಸಲು ಏನೂ ಬಾಕಿ ಇಡುವುದಿಲ್ಲ. ರಾಕ್ಷಸ ಬಂದರೂ ಕೊನೆಗೆ ಸಾರಿ ಕೇಳಿ ಎಲ್ಲರ ಜೊತೆ ಕೇಕ್ ತಿನ್ನುತ್ತಾನೆ. ಅವನು ಬಂದಿದ್ದಾದರೂ ಯಾಕೆ?

ನಾನು ಗೊಂಬೆ ಪಾರ್ಟಿ. ಅದರಲ್ಲೂ ಅಮೆರಿಕದ ಗೊಂಬೆಯಾಟಗಾರ ಜಿಮ್ ಹೆನ್ಸನ್ ಅವರ ಗೊಂಬೆಗಳ ಪಾರ್ಟಿ.

ಕಾರವಾರದವನಿಗೆ ಅಮೆರಿಕದ ಗೊಂಬೆ ಎಲ್ಲಿ ಸಿಕ್ಕಿತು ಅಂತ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫಿನಲ್ಲಿದ್ದ ಮಾವ ರಜೆಗೆ ಬರುವಾಗ ಟ್ಯಾಂಗ್ ಡಬ್ಬಿ, ಟೈಗರ್ ಬಾಮ್ ಜೊತೆ ವಿಸಿಆರ್ ತಂದಿದ್ದ. ಅದರ ಜೊತೆ ಒಂದಷ್ಟು ಕ್ಯಾಸೆಟ್. ಆ ಇಂಗ್ಲಿಷ್ ಮನೆಯಲ್ಲಿ ಒಬ್ಬರಿಗೂ ಅರ್ಥ ಆಗುತ್ತಿರಲಿಲ್ಲ. ಆಯಿ ಒಗ್ಗರಣೆ ಹಾಕಿ ಬಂದು ಎರಡು ನಿಮಿಷ ನೋಡಿ, ತಾನೇ ಕತೆ ಹೊಂದಿಸಿ ಹೇಳುತ್ತಿದ್ದಳು. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಕಪ್ಪೆ ರಾಜಕುಮಾರನೋ, ಮನೆ ಬಿಟ್ಟು ಓಡಿಹೋಗುವ ಕತ್ತೆ ನಾಯಿ ಬೆಕ್ಕು ಕೋಳಿಯೋ, ಅಂಥ ಕತೆಗೆ ಭಾಷೆ ಎಷ್ಟು ಬೇಕು?

ಆ ಎರಡೂ ಹೆನ್ಸನ್ 1971 ಮತ್ತು 1972ರಲ್ಲಿ ಟಿವಿಗೆ ಮಾಡಿದ್ದು. ಎರಡರಲ್ಲೂ ಕತೆ ಹೇಳುವವನು ಕೆರ್ಮಿಟ್ ಕಪ್ಪೆ. ಈ ಕೆರ್ಮಿಟ್‌ನನ್ನು ಹೆನ್ಸನ್ ಮೊದಲು ಮಾಡಿದ್ದು 1955ರಲ್ಲಿ, ತಮ್ಮ ತಾಯಿಯ ಹಳೇ ಕೋಟು ಕತ್ತರಿಸಿ. ಕಣ್ಣಿಗೆ ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳು. ಅಷ್ಟೇ ಸಾಮಾನು.

ಆದರೆ ನನ್ನ ತಲೆಯಲ್ಲಿ ಕೂತಿದ್ದು ಆಮೇಲೆ, 1987ರಿಂದ ಅವರು ಮಾಡಿದ ‘ದ ಸ್ಟೋರಿಟೆಲ್ಲರ್’. ಯುರೋಪಿನ ಜನಪದ ಕತೆಗಳು, ಒಂಬತ್ತು ಕಂತು. ಬರೆದವರು ಆಂಥೋನಿ ಮಿಂಗೆಲ್ಲಾ. ಒಲೆಯ ಪಕ್ಕ ಉದ್ದ ಮೂಗು, ದೊಡ್ಡ ಕಿವಿಯ ಒಬ್ಬ ಮುದುಕ ಕೂತು ಕತೆ ಹೇಳುತ್ತಾನೆ. ಅದು ನಟ ಜಾನ್ ಹರ್ಟ್. ಅವನ ಕಾಲ ಹತ್ತಿರ ಒಂದು ನಾಯಿ. ಆ ನಾಯಿ ಗೊಂಬೆ. ಸುಮ್ನೆ ಕೂರುವುದಿಲ್ಲ. ‘ಅದು ಹೇಗೆ ಸಾಧ್ಯ?’ ಅನ್ನುತ್ತದೆ, ‘ಆಮೇಲೆ?’ ಅನ್ನುತ್ತದೆ, ಮುದುಕ ಸುಳ್ಳು ಬಿಟ್ಟರೆ ಹಿಡಿಯುತ್ತದೆ. ನಮ್ಮ ಅಂಕೋಲೆಯ ಅಜ್ಜಿ ನೆನಪಾಗುತ್ತಿದ್ದಳು. ಹೂಂಗುಟ್ಟದಿದ್ದರೆ ಅಜ್ಜಿ ಕತೆ ಅಲ್ಲಿಗೇ ನಿಲ್ಲಿಸಿ ಮಗ್ಗುಲು ಬದಲಿಸಿ ಮಲಗುತ್ತಿದ್ದಳು. ಕೇಳುವವನು ಇಲ್ಲದೆ ಕತೆ ಇಲ್ಲ ಅನ್ನುವುದು ಆ ನಾಯಿಯನ್ನು ಅಲ್ಲಿ ಕೂರಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಅದರಲ್ಲಿ ಸಿಪಾಯಿ ಮತ್ತು ಸಾವಿನ ಕತೆ ಒಂದಿದೆ. ರಷ್ಯಾ ಕಡೆಯದು. ಯುದ್ಧ ಮುಗಿಸಿ ಮನೆಗೆ ಹೊರಟ ಸಿಪಾಯಿ ಹತ್ತಿರ ಇರುವುದು ಮೂರೇ ಬಿಸ್ಕತ್ತು. ದಾರಿಯಲ್ಲಿ ಸಿಕ್ಕ ಭಿಕ್ಷುಕರಿಗೆ ಅದನ್ನೂ ಕೊಡುತ್ತಾನೆ. ಬದಲಿಗೆ ಒಂದು ಚೀಲ ಸಿಗುತ್ತದೆ. ‘ಒಳಗೆ ಬಾ’ ಅಂದರೆ ಯಾರೇ ಆದರೂ ಅದರೊಳಗೆ ಬಂದು ಬೀಳಲೇಬೇಕು. ಪಾಳು ಅರಮನೆಯಲ್ಲಿ ಇಸ್ಪೀಟು ಆಡುವ ಪಿಶಾಚಿಗಳನ್ನು ತುಂಬುತ್ತಾನೆ. ಕೊನೆಗೆ ಸಾವನ್ನೇ ತುಂಬಿ ಮರಕ್ಕೆ ನೇತುಹಾಕುತ್ತಾನೆ. ಊರಿಗೆಲ್ಲ ಖುಷಿ. ಸ್ವಲ್ಪ ದಿನಕ್ಕೆ ಸಾಯಲಾಗದ ಮುದುಕರು, ರೋಗಿಗಳು ಸಾಲುಗಟ್ಟಿ ಬಂದು ನಿಲ್ಲುತ್ತಾರೆ. ಬಿಟ್ಟುಬಿಡು ಮಾರಾಯ ಅಂತ. ಬಿಡುತ್ತಾನೆ. ಆದರೆ ಸಾವಿಗೆ ಈಗ ಇವನನ್ನು ಕಂಡರೆ ಭಯ, ಹತ್ತಿರ ಬರುವುದಿಲ್ಲ. ನರಕದವರೂ ಸೇರಿಸುವುದಿಲ್ಲ. ಸ್ವರ್ಗಕ್ಕೆ ಹೋಗುವ ಒಬ್ಬನ ಕೈಗೆ ಚೀಲ ಕೊಟ್ಟು, ಒಳಗೆ ಹೋಗಿ ನನ್ನನ್ನು ಕರಿ ಅನ್ನುತ್ತಾನೆ. ಸ್ವರ್ಗದಲ್ಲಿ ನೆನಪು ಇರುವುದಿಲ್ಲವಂತೆ. ಅವನು ಮರೆತುಬಿಡುತ್ತಾನೆ.

ಮಕ್ಕಳ ಕಾರ್ಯಕ್ರಮ ಇದು! ಈಗ ಯಾರಾದರೂ ಹೀಗೆ ಮುಗಿಸಲು ಬಿಡುತ್ತಾರಾ?

ಮಕ್ಕಳು ಹೆದರುತ್ತಾರೆ ಅನ್ನುವವರಿಗೆ ಒಂದು ಮಾತು. ಇದನ್ನು ಅಕ್ಕನ ಮಗಳಿಗೆ ತೋರಿಸಿದೆ. ಪೂರ್ತಿ ನೋಡಿದಳು, ಕಾಲು ಮಡಚಿಕೊಂಡು. ಆಮೇಲೆ ಕೇಳಿದ್ದು, ‘ಮಾಮಾ, ಸಾವು ಚೀಲದಲ್ಲಿ ಇದ್ದಾಗ ಸೊಳ್ಳೆ ಹೊಡೆದರೂ ಸಾಯೋದಿಲ್ವಾ?’ ನನಗೆ ಉತ್ತರ ಗೊತ್ತಾಗಲಿಲ್ಲ. ಇಂಥ ಪ್ರಶ್ನೆ ಆ ಕೇಕ್ ತಿನ್ನುವ ರಾಕ್ಷಸನನ್ನು ನೋಡಿದರೆ ಹುಟ್ಟುತ್ತಾ?

ಹೃದಯ ಎಲ್ಲೋ ಅಡಗಿಸಿಟ್ಟ ದೈತ್ಯನ ಕತೆಯೂ ಇದೆ. ಅವನು ಗೊಂಬೆಯಲ್ಲ, ವೇಷ ಹಾಕಿದ ಮನುಷ್ಯ, ಅದು ಬೇರೆ ಮಾತು. ಅವನ ಹೃದಯ ಒಂದು ಮೊಟ್ಟೆಯೊಳಗೆ, ಮೊಟ್ಟೆ ಬಾತುಕೋಳಿಯೊಳಗೆ, ಅದು ಬಾವಿಯೊಳಗೆ. ಅಲ್ಲಿಗೆ ಬಂದಾಗ ಆಯಿ ಸೆರಗಿಗೆ ಕೈ ಒರೆಸುತ್ತಾ ‘ಓ, ಏಳು ಸಮುದ್ರದ ಆಚೆ ಗಿಳಿಯಲ್ಲಿ ಜೀವ ಇಟ್ಟವನು’ ಅಂದಿದ್ದಳು. ಅವಳಿಗೆ ಅದು ಪರದೇಶದ ಕತೆ ಅನ್ನಿಸಲೇ ಇಲ್ಲ.

ಈಗ ಮುಖದ ವಿಷಯಕ್ಕೆ ಬರೋಣ. ಗೊಂಬೆಯ ಹಿಂದಿನ ಮನುಷ್ಯ ಕೈ ಮೇಲೆತ್ತಿ, ಕೆಳಗಿಟ್ಟ ಮಾನಿಟರ್ ನೋಡುತ್ತಾ ಆಡಿಸುತ್ತಾನೆ. ಅವನ ಕೈಯಲ್ಲಿ ಇರುವುದು ಬಾಯಿ, ಕತ್ತು, ಒಂದು ತೋಳು. ಹೆಚ್ಚಿನ ಗೊಂಬೆಗೆ ಹುಬ್ಬು ಆಡಿಸುವ ವ್ಯವಸ್ಥೆಯೇ ಇಲ್ಲ. ಹಾಗಾಗಿ ದುಃಖ ತೋರಿಸಲು ತಲೆಯನ್ನು ಒಂದಿಷ್ಟು ತಗ್ಗಿಸಬೇಕು, ತಡೆಯಬೇಕು, ಆಮೇಲೆ ನಿಧಾನ ತಿರುಗಬೇಕು. ಉಳಿದಿದ್ದನ್ನು ನಾವು ತುಂಬಿಕೊಳ್ಳುತ್ತೇವೆ. ಮುಖ ಇದ್ದಹಾಗೇ ಇರುತ್ತದೆ, ಅಳು ಬರುವುದು ನಮಗೆ.

ಇದನ್ನು ಹೆನ್ಸನ್ ಹತ್ತಿರವೇ ಕಲಿಯಬೇಕಾಗಿಲ್ಲ. ಭಟ್ಕಳ ದಾಟಿ ಕುಂದಾಪುರದ ಹತ್ತಿರ ಹೋದರೆ ಉಪ್ಪಿನಕುದ್ರು. ಅಲ್ಲಿಯ ಕಾಮತರ ಮನೆತನದ್ದು ತಲೆತಲಾಂತರದ ಯಕ್ಷಗಾನ ಗೊಂಬೆಯಾಟ. ಕೊಗ್ಗ ಕಾಮತರು ಅದನ್ನು ದೇಶವೆಲ್ಲ ಗುರುತಿಸುವ ಹಾಗೆ ಮಾಡಿದರು. ಮರದ ಗೊಂಬೆ, ಮೈತುಂಬ ಯಕ್ಷಗಾನದ ವೇಷ, ಮೇಲಿಂದ ದಾರ. ರಾವಣ ಬಂದು ನಿಲ್ಲುವುದನ್ನು ನೋಡಬೇಕು. ದಾರ ಒಂದು ಸಲ ಬಿಗಿದು ಭುಜ ಮೇಲಾದರೆ ಸಾಕು, ಗರ್ವ ಪೂರ್ತಿ ಬಂತು. ಚೆಂಡೆ ಥಟ್ಟನೆ ನಿಂತು ಭಾಗವತರ ದನಿ ಮಾತ್ರ ಉಳಿದಾಗ ಅದೇ ಮರದ ಮುಖ ಸೋತುಹೋದ ಹಾಗೆ ಕಾಣುತ್ತದೆ. ಬಣ್ಣ ಒಂದೇ, ಕಣ್ಣು ಒಂದೇ.

ಹಾಗಿದ್ದರೂ ನಮ್ಮ ಅಜ್ಜಿ ಕತೆಗಳು ಗೊಂಬೆಯಾಗಿ ಪರದೆಗೆ ಬಂದಿದ್ದು ಎಷ್ಟು? ಗೊಂಬೆ ಅಂದರೆ ಪುರಾಣದ ಪ್ರಸಂಗ, ಇಲ್ಲವೇ ಹಲ್ಲುಜ್ಜಿ ಕೈ ತೊಳೀರಿ ಅನ್ನುವ ಪಾಠ. ನಡುವೆ ಇರುವ ಇಡೀ ಜನಪದ ಹಾಗೇ ಬಿದ್ದಿದೆ. ಎಲ್.ಆರ್. ಹೆಗಡೆಯವರಂಥವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಮನೆಗೆ ಅಲೆದು ಕತೆ ಬರೆದುಕೊಂಡರು. ಅವು ಲೈಬ್ರರಿಯಲ್ಲಿ ಇವೆ. ಪಿಎಚ್‌ಡಿ ಮಾಡುವವರು ತೆಗೆದು ನೋಡುತ್ತಾರೆ.

ನನ್ನನ್ನು ಕೇಳಿದರೆ ಮೊದಲು ಕಾಗಕ್ಕ ಗುಬ್ಬಕ್ಕ ಮಾಡಬೇಕು. ಸಗಣಿ ಮನೆ, ಕಲ್ಲಿನ ಮನೆ, ನಡುವೆ ಮಳೆ. ಗುಬ್ಬಕ್ಕ ಪಾಪದವಳು ಅಂತ ಯಾರು ಹೇಳಿದ್ದು? ಹೊರಗೆ ನೆನೆಯುತ್ತಿರುವ ನೆರೆಯವಳಿಗೆ ‘ತಡಿ, ಮಗುವಿಗೆ ಮೀಸಬೇಕು, ತಡಿ, ಎಣ್ಣೆ ಹಚ್ಚಬೇಕು’ ಅನ್ನುತ್ತಾ ಬಾಗಿಲು ತೆಗೆಯದವಳು ಅವಳು. ಅವಳದು ಶಿರಸಿ ಕಡೆಯ ಮೆತ್ತಗಿನ ಮಾತಾಗಲಿ. ಕಾಗಕ್ಕನಿಗೆ ನಮ್ಮ ಕಾರವಾರದ ಮೀನು ಪೇಟೆಯ ಗಂಟಲೇ ಬೇಕು. ಅವಳನ್ನು ಕರೀ ಬಟ್ಟೆಯಲ್ಲೇ ಹೊಲಿಯಿರಿ, ಮೇಲೆ ನಿಜವಾದ ನೀರು ಸುರಿಯಿರಿ. ಒದ್ದೆ ಬಟ್ಟೆ ಭಾರಕ್ಕೆ ರೆಕ್ಕೆ ತಾನಾಗಿ ಜೋತುಬೀಳುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಮಾಡುವವರು ಯಾರಾದರೂ ಇದ್ದರೆ ಜೂನ್‌ನಲ್ಲಿ ಬನ್ನಿ. ನಮ್ಮ ಅಂಗಳ ಖಾಲಿ ಇರುತ್ತದೆ, ಮಳೆಗೆ ಬಾಡಿಗೆ ಇಲ್ಲ. ಸಗಣಿ ಮಾತ್ರ ನೀವೇ ತರಬೇಕು, ದನ ಮಾರಿ ವರ್ಷಗಳಾದವು.