ಎಂಜಿನ್ನಿನ ಮೂತಿಗೆ ಎಷ್ಟು ಅಂಕ?

ಮುಂಗಾರು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಹವಾಮಾನ ಇಲಾಖೆಯನ್ನು ನೆಚ್ಚುವುದನ್ನು ಬಿಟ್ಟಿದ್ದೇನೆ. ದೂಧಸಾಗರದ ಎದುರು ರೈಲು ಹಾದುಹೋಗುವ ಫೋಟೊ ಮೊಬೈಲಿಗೆ ಬಂದು ಬಿದ್ದರೆ ಮಳೆ ಹಿಡಿಯಿತು ಎಂದೇ ಲೆಕ್ಕ. ಪ್ರತಿ ವರ್ಷ ಅದೇ ಜಲಪಾತ, ಅದೇ ಸೇತುವೆ, ಅದೇ ಕೋನ. ಹೋದ ವರ್ಷದ ಫೋಟೊವನ್ನೇ ತಾರೀಖು ಬದಲಿಸಿ ಕಳಿಸಿದರೂ ನನ್ನಂಥವನಿಗೆ ಗೊತ್ತಾಗದು. ರೈಲು ಪ್ರಿಯರಿಗೆ ಗೊತ್ತಾಗುತ್ತದೆ. ಅವರು ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಅಂಕ ಹಾಕಿ, ಯಾವುದು ಶ್ರೇಷ್ಠ ಎಂದು ತೀರ್ಮಾನಿಸಲು ಕೂರುತ್ತಾರೆ. ಕಾವೇರಿ ನ್ಯಾಯಮಂಡಳಿಯಾದರೂ 1990ರಲ್ಲಿ ಕೂತು 2007ರಲ್ಲಿ ಐತೀರ್ಪು ಕೊಟ್ಟು ಎದ್ದಿತು. ಇವರು ಇನ್ನೂ ಎದ್ದಿಲ್ಲ.

ಈ ಸಲದ ವ್ಯಾಜ್ಯ ನೀಲಿ ಬೋಗಿಗೂ ಕೆಂಪು ಬೋಗಿಗೂ. ನೀಲಿ ಎಂದರೆ ಹಳೆಯ ಐಸಿಎಫ್ ಬೋಗಿ. ಐಸಿಎಫ್ ಎಂಬ ಚೆನ್ನೈನ ಪೆರಂಬೂರಿನ ಬೋಗಿ ಕಾರ್ಖಾನೆ 2018ರ ಆರಂಭದಲ್ಲೇ ಅವನ್ನು ಕಟ್ಟುವುದನ್ನು ನಿಲ್ಲಿಸಿತು. ಹಳಿ ತಪ್ಪಿದರೆ ಅವು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಹಾಗೆ ಹತ್ತದಂತೆ ಕಟ್ಟಿದ ಹೊಸ ಮಾದರಿಯ ಬೋಗಿ ಎಲ್‌ಎಚ್‌ಬಿ, ಅದಕ್ಕೆ ಬಹುಪಾಲು ಕೆಂಪು ಬಣ್ಣ. ಆದರೆ ಬಿಳಿ ನೀರಿನ ಮುಂದೆ ನೀಲಿಯೇ ಒಪ್ಪುತ್ತದೆ, ಕೆಂಪು ಕಣ್ಣಿಗೆ ಹೊಡೆಯುತ್ತದೆ ಎಂದು ಹಿರಿಯ ತೀರ್ಪುಗಾರರು ಅಪ್ಪಣೆ ಕೊಡಿಸಿದ್ದಾರೆ. ಆದ್ದರಿಂದ ನೀಲಿಗೆ ಎರಡು ಅಂಕ ಜಾಸ್ತಿ. ಒಳಗಿರುವವರು ಜೀವಸಹಿತ ಮನೆ ಮುಟ್ಟುವುದಕ್ಕೆ ಅಂಕದ ಪಟ್ಟಿಯಲ್ಲಿ ಜಾಗವಿಲ್ಲ.

ಈ ಶಾಸ್ತ್ರದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಸೂರ್ಯ ಫೋಟೊ ತೆಗೆಯುವವನ ಬೆನ್ನಿಗಿರಬೇಕು. ಎಂಜಿನ್ ಮುಕ್ಕಾಲು ಪಾಲು ಮುಖ, ಕಾಲು ಪಾಲು ಪಕ್ಕೆ ತೋರಿಸಿಕೊಂಡು ಬರಬೇಕು. ಅದರ ಸಂಖ್ಯೆ ಓದುವಂತಿರಬೇಕು, ಅದನ್ನು ನೋಡಿಕೊಳ್ಳುವ ಶೆಡ್ಡು ಕೃಷ್ಣರಾಜಪುರದ್ದೋ ಹುಬ್ಬಳ್ಳಿಯದೋ ಈರೋಡಿನದೋ ಎಂಬುದು ಕಾಣಬೇಕು. ಆ ರೈಲಿಗೆ ನಿಗದಿಯಾಗದ ಬೇರೆ ಶೆಡ್ಡಿನ ಎಂಜಿನ್ ಅಕಸ್ಮಾತ್ ಬಂದಿದ್ದರೆ ಅದು ‘ಆಫ್‌ಲಿಂಕ್’, ಅದೊಂದು ಭಾಗ್ಯ. ಬಾಲದ ಕೊನೆಯ ಬೋಗಿಯವರೆಗೂ ಚಿತ್ರದಲ್ಲಿ ಹಿಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯುತ್ ಕಂಬದ ನೆರಳು ಎಂಜಿನ್ನಿನ ಮೂತಿಗೆ ತಾಕಕೂಡದು. ತಾಕಿತೋ, ಮೈಲಿಗೆ. ಆಮೇಲೆ ಯಾವ ಗಂಗಾಜಲ ಚಿಮುಕಿಸಿದರೂ ಆ ಚಿತ್ರ ಮಡಿಯಾಗುವುದಿಲ್ಲ. ನಮ್ಮ ರೈಲ್ವೆ ಹಳಿಯುದ್ದಕ್ಕೂ ಕಂಬ ನೆಟ್ಟುಕೊಂಡು ಹೊರಟಿರುವ ಕಾಲದಲ್ಲಿ ಇದು ಎಂಥ ಕಠೋರ ವ್ರತವೆಂಬುದನ್ನು ನೀವೇ ಊಹಿಸಿ.

ಹೊಗೆಯ ವಿಷಯವಂತೂ ಇನ್ನೂ ಸೊಗಸು. ವಾರಾಣಸಿಯಲ್ಲಿ 1964ರಿಂದ ತಯಾರಾಗುತ್ತಾ ಬಂದ ಅಮೆರಿಕದ ಆಲ್ಕೊ ಕಂಪನಿಯ ಮಾದರಿಯ ಡೀಸೆಲ್ ಎಂಜಿನ್‌ಗಳಿವೆಯಲ್ಲ, ಅವು ನಿಂತಲ್ಲಿಂದ ಎಳೆಯುವಾಗ ಕಪ್ಪು ಹೊಗೆ ಉಗುಳುತ್ತವೆ. ಎಣ್ಣೆ ಮೊದಲು ನುಗ್ಗುತ್ತದೆ, ಟರ್ಬೊ ತಿರುಗಿ ಗಾಳಿ ಒದಗಿಸುವುದು ತಡವಾಗುತ್ತದೆ, ಅರೆಬರೆ ಸುಟ್ಟಿದ್ದೆಲ್ಲ ಆಕಾಶಕ್ಕೆ. ಎಂಜಿನ್ ಹೀಗೆ ಏದುಸಿರು ಬಿಡುವಾಗ ತೆಗೆದ ಚಿತ್ರಕ್ಕೆ ನೂರಕ್ಕೆ ನೂರು. ನೆಟ್ಟಗೆ ಉಸಿರಾಡುತ್ತಿರುವ ಎಂಜಿನ್ನಿಗೆ ಸಮಾಧಾನಕರ ಬಹುಮಾನವೂ ಸಿಗುವುದಿಲ್ಲ. ಪ್ಲಾಟ್‌ಫಾರಂ ತುದಿಯಲ್ಲಿ ಮಗುವನ್ನು ಎತ್ತಿಕೊಂಡು ಸೆರಗಿನಿಂದ ಮೂಗು ಮುಚ್ಚಿಕೊಂಡ ತಾಯಿಗೆ ಈ ಸೌಂದರ್ಯ ಎಟುಕದಿರುವುದು ಅವಳ ದುರದೃಷ್ಟ.

ಇಂಥ ತೀರ್ಪುಗಾರರ ಮುಂದೆ ಓ. ವಿನ್‌ಸ್ಟನ್ ಲಿಂಕ್ ಬಂದು ನಿಂತಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಗಾಲದ ಉಗಿ ಎಂಜಿನ್‌ಗಳನ್ನು ಐವತ್ತರ ದಶಕದಲ್ಲಿ ರಾತ್ರಿ ಹೊತ್ತು ಸೆರೆಹಿಡಿದ ಪುಣ್ಯಾತ್ಮ ಈತ. ಸೂರ್ಯ ಬೆನ್ನಿಗಿರಬೇಕು ಎಂಬ ನಿಯಮಕ್ಕೆ ಸೂರ್ಯನನ್ನೇ ಕೈಬಿಟ್ಟು ಉತ್ತರ ಕೊಟ್ಟವನು. ಅವನ ಅತ್ಯಂತ ಹೆಸರಾದ ಚಿತ್ರ 1956ರ ಆಗಸ್ಟ್‌ನಲ್ಲಿ ವೆಸ್ಟ್ ವರ್ಜೀನಿಯಾದ ಒಂದು ಬಯಲು ಚಿತ್ರಮಂದಿರದಲ್ಲಿ ತೆಗೆದದ್ದು. ಮುಂದೆ ಸಾಲಾಗಿ ಕಾರುಗಳು, ಒಂದು ತೆರೆದ ಕಾರಿನಲ್ಲಿ ಒತ್ತಿಕೊಂಡು ಕೂತ ಹುಡುಗ ಹುಡುಗಿ, ತೆರೆಯ ಮೇಲೆ ಜೆಟ್ ವಿಮಾನ, ಹಿಂದೆ ಉಗಿ ಕಾರುತ್ತಾ ಓಡುವ ರೈಲು. ನಲವತ್ತಕ್ಕೂ ಹೆಚ್ಚು ಫ್ಲಾಷ್ ಬಲ್ಬುಗಳು ಒಂದೇ ಕ್ಷಣಕ್ಕೆ ಉರಿದಿದ್ದರಿಂದ ಚಿತ್ರಮಂದಿರದ ತೆರೆ ಬರೀ ಬಿಳಿಯಾಗಿಬಿಟ್ಟಿತು. ಲಿಂಕ್ ತಲೆ ಕೆಡಿಸಿಕೊಳ್ಳಲಿಲ್ಲ. ವಿಮಾನದ ದೃಶ್ಯವನ್ನು ಬೇರೆಯಾಗಿ ತೆಗೆದು ಆ ಜಾಗಕ್ಕೆ ಕೂಡಿಸಿದ. ಆ ತೆರೆದ ಕಾರೂ ಅವನದೇ.

ಈಗ ನಮ್ಮ ತೀರ್ಪು ಕೇಳಿ. ಎಂಜಿನ್ ಹಿಂದೆಲ್ಲೋ ಇದೆ, ಮುಂದೆ ಕಾರುಗಳು ಅಡ್ಡ ನಿಂತಿವೆ: ಐದು ಅಂಕ ಕಡಿತ. ಚಿತ್ರದಲ್ಲಿ ಜನರಿದ್ದಾರೆ: ಹತ್ತು. ಹುಡುಗ ಹುಡುಗಿ ರೈಲನ್ನು ನೋಡುತ್ತಲೇ ಇಲ್ಲ: ಇದು ಬರೀ ಕಡಿತದಲ್ಲಿ ಮುಗಿಯುವ ಅಪರಾಧವಲ್ಲ. ವಿಮಾನ ಅಂಟಿಸಿದ್ದು: ಆಜೀವ ಬಹಿಷ್ಕಾರ. ಅದೇ ಹೊತ್ತಿಗೆ, ದೂಧಸಾಗರದ ಬೂದು ಆಕಾಶವನ್ನು ಮೊಬೈಲಿನಲ್ಲಿ ಒಂದು ಬಾರಿ ಒತ್ತಿ ನೀಲಿ ಮಾಡಿಕೊಂಡವರು ಮೊದಲ ಬಹುಮಾನದ ತಟ್ಟೆ ಹಿಡಿದು ನಿಂತಿರುತ್ತಾರೆ. ಜುಲೈ ತಿಂಗಳ ಘಟ್ಟದಲ್ಲಿ ನೀಲಿ ಆಕಾಶ! ಇಂದ್ರನಿಗೂ ಗಾಬರಿಯಾದೀತು.

ಹುಬ್ಬಳ್ಳಿಯದು ಬೇರೆಯೇ ಸಂಕಟ. 1507 ಮೀಟರ್ ಉದ್ದದ ಪ್ಲಾಟ್‌ಫಾರಂ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಗಿನ್ನೆಸ್ ದಾಖಲೆಯೂ ಆಯಿತು, ನಮ್ಮ ಎದೆಯೂ ಉಬ್ಬಿತು. ಇಡೀ ಪ್ಲಾಟ್‌ಫಾರಮನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಶಪಥ ತೊಟ್ಟವರಿದ್ದಾರೆ. 24 ಬೋಗಿಯ ರೈಲು ಬಂದು ನಿಂತರೂ ಅದರ ಅರ್ಧ ತುಂಬುವುದಿಲ್ಲ. ಕೈಯಲ್ಲಿ ಎರಡು ಚೀಲ, ತಲೆಯ ಮೇಲೊಂದು ಗಂಟು ಹೊತ್ತು ತಮ್ಮ ಬೋಗಿ ಹುಡುಕುತ್ತಾ ನಡೆಯುವ ಅಜ್ಜ ಅಜ್ಜಿಯರು ಮಾತ್ರ ಆ ಉದ್ದವನ್ನು ಕಾಲಿನಿಂದ ಅಳೆದಿದ್ದಾರೆ. ಅವರಿಗೆ ಗಿನ್ನೆಸ್‌ನವರು ಏನೂ ಕೊಟ್ಟಂತಿಲ್ಲ.

ಮೊನ್ನೆ ಪರಿಚಿತರೊಬ್ಬರು ತಮ್ಮ ಬಹುಮಾನಿತ ಚಿತ್ರ ತೋರಿಸಿದರು. ತಿರುವಿನಲ್ಲಿ ಬಾಗಿ ಬರುತ್ತಿರುವ ರೈಲು, ಮೂತಿಯ ಮೇಲೆ ಬೆಳಗಿನ ಬಿಸಿಲು, ಕಂಬಗಳೆಲ್ಲ ಆಚೆ ಬದಿಗೆ. ನಿಜಕ್ಕೂ ಚೆನ್ನಾಗಿತ್ತು, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಮೊದಲನೆಯ ಬಹುಮಾನ ಯಾಕೆ ತಪ್ಪಿತು ಎಂದು ಕೇಳಿದೆ. ಅವರು ಬೇಸರದಿಂದ ಹಳಿಯ ಪಕ್ಕದ ಜಲ್ಲಿಯನ್ನು ಬೆರಳಿನಿಂದ ದೊಡ್ಡದು ಮಾಡಿದರು. ಅಲ್ಲಿ ಒಂದು ನೆರಳಿತ್ತು. ಮನುಷ್ಯನ ನೆರಳು, ಹೆಗಲ ಮೇಲೆ ಸುತ್ತಿಗೆಯ ಹಿಡಿಯೂ ಕಾಣುತ್ತಿತ್ತು. ಮನುಷ್ಯ ಇರಲಿಲ್ಲ. “ಒಬ್ಬ ಕೀಮನ್ ನಿಂತಿದ್ದ ಸಾರ್, ಕಿತ್ತಳೆ ಅಂಗಿ, ಬಣ್ಣವೆಲ್ಲ ಕೆಟ್ಟುಹೋಗಿತ್ತು. ಅವನನ್ನು ಅಳಿಸಿದೆ. ನೆರಳು ಅಳಿಸುವುದು ಮರೆತೆ.”

ಹಳಿಯ ಕೀಲಿ ಸಡಿಲವಾಗಿದೆಯೇ ಎಂದು ದಿನವೂ ಐದಾರು ಕಿಲೋಮೀಟರ್ ನಡೆದು ಬಡಿದು ನೋಡುವವನು ಆತ. ರೈಲು ಬಂದಾಗ ಪಕ್ಕಕ್ಕೆ ಸರಿದು ನಿಂತಿದ್ದ, ಅಷ್ಟೆ. ಆತ ಹಿಂದಿನ ದಿನ ನಡೆಯದಿದ್ದರೆ ಆ ತಿರುವಿನಲ್ಲಿ ಅಷ್ಟು ಚೆಂದವಾಗಿ ಬಾಗಲು ರೈಲಿಗೆ ಆಗುತ್ತಿತ್ತೇ? ಎಂಜಿನ್ನಿನ ಬೆನ್ನಿಗೇ ಸಾಮಾನ್ಯವಾಗಿ ಜನರಲ್ ಬೋಗಿ ಇರುತ್ತದೆ. ಅದರ ಬಾಗಿಲಲ್ಲಿ ಜೋತಾಡುವ ಕೈಕಾಲುಗಳಿಗೂ ಇದೇ ಗತಿ: ಇದ್ದರೆ ಕಡಿತ, ಅಳಿಸಿದರೆ ಮೆಚ್ಚುಗೆ. ಕೂರಲು ಜಾಗವಿಲ್ಲದೆ ಬಾಗಿಲಿಗೆ ನೇತುಬಿದ್ದವನನ್ನು ಚಿತ್ರದಿಂದಲೂ ಇಳಿಸುತ್ತೀರಲ್ಲ, ನಿಮಗೆ ರೈಲಿನಲ್ಲಿ ಇಷ್ಟವಾಗುವುದಾದರೂ ಏನು? ಬಣ್ಣ ಬಳಿದ ಕಬ್ಬಿಣವೇ? ನನಗೆ ಇದನ್ನು ತಮಾಷೆ ಮಾಡಿ ಮಾಡಿ ಸಾಕಾಗಿದೆ.

ಆ ಕೋನಕ್ಕಾಗಿ ಹಳಿಯ ಮೇಲೆಯೇ ಹೋಗಿ ನಿಲ್ಲುವವರ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಅಕ್ರಮ ಪ್ರವೇಶಕ್ಕೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇದೆ: ಆರು ತಿಂಗಳವರೆಗೆ ಜೈಲು, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಲೆನ್ಸಿನ ಮುಚ್ಚಳಕ್ಕೇ ಅದಕ್ಕಿಂತ ಹೆಚ್ಚು ಬೆಲೆ ಕೊಟ್ಟವರಿಗೆ ಇದು ಪ್ರವೇಶ ಶುಲ್ಕದಂತೆ ಕಾಣುತ್ತದೆ. ತುರ್ತು ಬ್ರೇಕ್ ಒತ್ತಿದರೂ ವೇಗದ ರೈಲು ನೂರಾರು ಮೀಟರ್ ಹೋಗದೆ ನಿಲ್ಲುವುದಿಲ್ಲ ಎಂಬುದು ಲೋಕೊ ಪೈಲಟ್‌ಗೆ ಗೊತ್ತು. ಹಾರ್ನ್ ಒತ್ತಿ ಹಿಡಿದು ಆತ ಎದುರು ನೋಡುತ್ತಾ ಬರಬೇಕು, ಬೇರೆ ದಾರಿಯಿಲ್ಲ. 2023ರ ಜುಲೈನಲ್ಲಿ ನಿಷೇಧವಿದ್ದರೂ ದೂಧಸಾಗರಕ್ಕೆ ನುಗ್ಗಿದವರಿಗೆ ಪೊಲೀಸರು ಕಿವಿ ಹಿಡಿಸಿ ಬಸ್ಕಿ ಹೊಡೆಸಿದ್ದನ್ನು ನಾಡೆಲ್ಲ ನೋಡಿ ನಕ್ಕಿತು. ಬಸ್ಕಿ ಹೊಡೆದವರು ಮನೆಗೆ ಹೋಗಿ ಅದರದೂ ವಿಡಿಯೊ ಹಂಚಿದ್ದರೆ ಆಶ್ಚರ್ಯವಿಲ್ಲ.

ರೈಲ್ವೆಯವರೇ ಈ ಸಮಸ್ಯೆಗೆ ಒಂದು ಪರಿಹಾರ ಕಂಡುಕೊಂಡದ್ದೂ ಉಂಟು: ಸೆಲ್ಫಿ ಬೂತ್. ಮಾಹಿತಿ ಹಕ್ಕಿನ ಅರ್ಜಿಗೆ ಮಧ್ಯ ರೈಲ್ವೆ 2023ರ ಕೊನೆಯಲ್ಲಿ ಕೊಟ್ಟ ಉತ್ತರದ ಪ್ರಕಾರ ಕಾಯಂ ಬೂತ್ ಒಂದಕ್ಕೆ 6.25 ಲಕ್ಷ ರೂಪಾಯಿ, ತಾತ್ಕಾಲಿಕವಾದದ್ದಕ್ಕೆ 1.25 ಲಕ್ಷ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಪ್ರಧಾನಿಯವರ ಚಿತ್ರವಿದೆ. ತೀರ್ಪುಗಾರರು ಎಷ್ಟು ಹುಡುಕಿದರೂ ತಪ್ಪು ಸಿಗದು. ಕಂಬವಿಲ್ಲ, ನೆರಳಿಲ್ಲ, ಕೀಮನ್ ಇಲ್ಲ, ಜನರಲ್ ಬೋಗಿಯೂ ಇಲ್ಲ. ಸೂರ್ಯ ಯಾವ ದಿಕ್ಕಿನಲ್ಲಿದ್ದರೂ ಮುಖಕ್ಕೆ ಬೆಳಕು ತಪ್ಪುವುದಿಲ್ಲ. ರೈಲು ಬರುವವರೆಗೆ ಕಾಯುವ ಕಷ್ಟವೂ ಇಲ್ಲ, ಏಕೆಂದರೆ ಆ ಫೋಟೊಕ್ಕೆ ರೈಲು ಬೇಕಾಗಿಯೇ ಇಲ್ಲ.