‘ಗೊತ್ತಿಲ್ಲ’ ಎಂದು ಬರೆದುಕೊಟ್ಟ ನೀರಿನ ಎಂಜಿನಿಯರು

2024ರ ನವೆಂಬರಿನಲ್ಲಿ ನಮ್ಮ ಮನೆಗೊಂದು ಪತ್ರ ಬಂತು. ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ಹಳೆಯ ಬಡಾವಣೆಯಲ್ಲಿ. ಪತ್ರ ಊರಿನ ನೀರಿನ ವಿಭಾಗದ್ದು. ರಸ್ತೆಯ ಮೇನ್ ಲೈನಿನಿಂದ ನಿಮ್ಮ ಮನೆಗೆ ಬರುವ ಪೈಪು ಯಾವ ಲೋಹದ್ದೆಂದು ನಮಗೆ ಗೊತ್ತಿಲ್ಲ, ಸೀಸದ್ದೂ ಇರಬಹುದು, ಸೀಸ ನೀರಿಗಿಳಿದರೆ ವಿಷ, ಕುದಿಸಿದರೂ ಹೋಗುವುದಿಲ್ಲ ಎಂದಿತ್ತು. ಕೆಳಗೆ ಎಂಜಿನಿಯರರ ಹೆಸರು, ಫೋನ್ ನಂಬರು.

ಹೆಂಡತಿ ಓದಿ ಹೆದರಿದಳು. ನಾನು ಆ ಒಂದು ಪದವನ್ನೇ ನೋಡುತ್ತ ಕೂತೆ. ನೀರಿನ ಎಂಜಿನಿಯರೊಬ್ಬರು ‘ಗೊತ್ತಿಲ್ಲ’ ಎಂದು ಬರೆದು ಮನೆಗೆ ಕಳಿಸಿದ್ದನ್ನು ಜನ್ಮದಲ್ಲಿ ಮೊದಲ ಸಲ ಕಂಡೆ.

ನಮ್ಮೂರು ರಾಯಚೂರು ಜಿಲ್ಲೆಯದು. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ನಮ್ಮ ಮನೆಗಳಿಗೆ ಐದು ದಿನಕ್ಕೊಮ್ಮೆ ನಳ. ಕೆಲ ವರ್ಷಗಳ ಹಿಂದೆ ರಜೆಗೆ ಹೋದಾಗ ನಳದ ನೀರು ಗಟಾರದ ವಾಸನೆ ಹೊಡೆಯುತ್ತಿತ್ತು. ಅವ್ವ ಕೊಡದ ಬಾಯಿಗೆ ಅಪ್ಪನ ಹಳೆಯ ಧೋತರದ ತುಂಡು ಕಟ್ಟಿ ನೀರು ಹಿಡಿದಳು. ಬಿಚ್ಚಿದರೆ ಬಟ್ಟೆಯ ನಡುವೆ ಅಂಗೈಯಗಲ ಕರಿ ರಾಡಿ. ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂತರು. ಎಂಜಿನಿಯರ್ ಸಾಹೇಬರು ಹೊರಗೆ ಬಂದವರು, ಅವ್ವ ಚಾಚಿದ ಬಾಟಲಿಯನ್ನು ಮುಟ್ಟಲೂ ಇಲ್ಲ. “ನೀರಿಗೇನೂ ಆಗಿಲ್ರೀ, ಕುದಿಸಿ ಕುಡೀರಿ. ಮೋಟರ್ ಹಚ್ಚಿ ಎಳಿಯೋರು ನೀವೇ ಅಲ್ಲೇನು?” ಎಂದು ಜೀಪು ಹತ್ತಿದರು. ನೀರು ಪರೀಕ್ಷೆಗೆ ಹೋಯಿತೋ ಇಲ್ಲವೋ, ಇಂದಿಗೂ ಯಾರೂ ಹೇಳಿಲ್ಲ. ಅದೇ ವಾರ ಅವ್ವನಿಗೆ ವಾಂತಿಭೇದಿ, ಎರಡು ದಿನ ಸಲೈನ್.

ಈಗ ಇಲ್ಲಿನದು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹತ್ತು ದಿನದೊಳಗೆ ಆ ಎಂಜಿನಿಯರಮ್ಮನೇ ಬಂದು ನೆಲಮಾಳಿಗೆಗಿಳಿದು, ಮೀಟರಿನ ಹತ್ತಿರ ಪೈಪನ್ನು ಬೀಗದ ಕೈಯಿಂದ ಕೆರೆದರು. ಕೆರೆದ ಜಾಗ ಬೆಳ್ಳಿಯಂತೆ ಮಿರುಗಿತು. ಅಯಸ್ಕಾಂತ ಹಿಡಿದರು, ಅಂಟಲಿಲ್ಲ. ‘ಸೀಸ’ ಎಂದು ಅಲ್ಲೇ ಬರೆದು ಕೊಟ್ಟರು. ಮಿಷಿಗನ್ನಿನ 2018ರ ನಿಯಮದಂತೆ ಇಂಥ ಪೈಪು ಬದಲಿಸುವ ಖರ್ಚು ನೀರು ಕೊಡುವವರದು, ಮನೆಯವರದಲ್ಲ. ಸಿಟ್ಟು ಎದ್ದದ್ದು ಯಾವ ಬೀದಿಯ ಪೈಪು ಮೊದಲು ಬದಲಿಸುವುದು ಎಂಬುದಕ್ಕೆ. ಗ್ರಂಥಾಲಯದಲ್ಲಿ ಸಭೆ ಸೇರಿ ಜನ ನಮ್ಮೂರಿನವರಂತೆಯೇ ಕೂಗಾಡಿದರು. ಆಕೆ ನಕಾಶೆಯ ಮುಂದೆ ಒಂದೂವರೆ ತಾಸು ನಿಂತರು. ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ. ಬರೆದು ಕಳಿಸುತ್ತೇನೆ ಎಂದರು. ಒಂಬತ್ತನೇ ದಿನ ಉತ್ತರ ಬಂತು.

ನಮ್ಮವರಿಗೆ ಇಷ್ಟೂ ಏಕೆ ಆಗದು? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದುಕೊಡಲು ದುಡ್ಡೂ ಬೇಡ, ಯಂತ್ರವೂ ಬೇಡ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಸತ್ತರು. ಅಲ್ಲಿ ಎಂಜಿನಿಯರುಗಳನ್ನೂ ನೀರು ಬಿಡುವವನನ್ನೂ ಅಮಾನತು ಮಾಡಿದರು. ನಮ್ಮಲ್ಲಿ ಕಾಗದ ಹೊರಬೀಳುವುದು ಹೆಣ ಬಿದ್ದ ಮೇಲೆ.

ಹಾಗೆಂದು ಇಲ್ಲಿನವರು ಹುಟ್ಟು ಸತ್ಯವಂತರೆಂದರೆ ಸುಳ್ಳಾದೀತು. ನಮ್ಮ ಮನೆಯಿಂದ ಒಂದು ತಾಸಿನ ದಾರಿಯಲ್ಲಿ ಫ್ಲಿಂಟ್ ಇದೆ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಆ ಊರಿಗೆ ಡೆಟ್ರಾಯಿಟ್ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರು ಕೊಟ್ಟರು. ಪೈಪಿನ ಸೀಸ ನೀರಿಗಿಳಿಯದಂತೆ ಬೆರೆಸಬೇಕಿದ್ದ ರಾಸಾಯನಿಕ ಬೆರೆಸಲಿಲ್ಲ. ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತದೆಂದು ಜನರಲ್ ಮೋಟಾರ್ಸ್ ಕಾರ್ಖಾನೆ ಅದೇ ವರ್ಷ ಆ ನೀರು ಬಳಸುವುದನ್ನು ನಿಲ್ಲಿಸಿತು. ಮಕ್ಕಳು ಕುಡಿಯುವುದಕ್ಕೆ 2015ರ ಅಕ್ಟೋಬರಿನ ತನಕ ಅದೇ ನೀರು. ಕಂದು ನೀರಿನ ಬಾಟಲಿ ಹಿಡಿದು ಬಂದ ತಾಯಂದಿರಿಗೆ ಅಧಿಕಾರಿಗಳು ಹೇಳಿದ್ದೂ ನೀರು ಚೆನ್ನಾಗಿದೆ ಎಂದೇ. ಮಿಷಿಗನ್ನಿನ ಆ ನಿಯಮ ಬಂದದ್ದು ಫ್ಲಿಂಟ್ ಆದ ಮೇಲೆ. ಇಲ್ಲಿ ಕಾಗದ ಕೊಡಿಸಿದವರು ಬಾಟಲಿ ಹಿಡಿದು ನಿಂತ ಆ ತಾಯಂದಿರು.

ಮೋಟರಿನ ಮಾತೂ ಪೂರ್ತಿ ಸುಳ್ಳಲ್ಲ ಎಂಬುದನ್ನು ಒಪ್ಪಬೇಕು. ಗಟಾರದ ಪಕ್ಕದಲ್ಲೇ ಹೋಗುವ ಪೈಪು ನಾಲ್ಕು ದಿನ ಖಾಲಿ ಇದ್ದಾಗ ಒಡೆದ ಜಾಯಿಂಟಿನಿಂದ ಹೊಲಸು ಒಳಗಿಳಿಯುತ್ತದೆ. ನೀರು ಬಿಟ್ಟಾಗ ಎಲ್ಲರೂ ಮೋಟರ್ ಹಚ್ಚಿದರೆ ಇನ್ನಷ್ಟು ಎಳೆಯುತ್ತದೆ. ನಮ್ಮ ಮನೆಯಲ್ಲೂ ಮೋಟರಿದೆ. ಅದಕ್ಕೆ ದುಡ್ಡು ಕಳಿಸಿದವನು ನಾನೇ.

ಹೋದ ವಾರ ಅಪ್ಪನಿಗೆ ಫೋನ್ ಮಾಡಿ, ಕಳೆದ ವರ್ಷದ ನೀರು ಪರೀಕ್ಷೆಯ ವರದಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಎಂದೆ. ಅಪ್ಪ ಒಪ್ಪಲಿಲ್ಲ. “ಅರ್ಜಿ ಕೊಟ್ರ ಮೊದಲು ಹೋಗೋದು ನೀರು ಬಿಡೋ ಹುಡುಗನ ನೌಕರಿ. ರಾತ್ರಿ ಹನ್ನೊಂದಕ್ಕ ಕರೆದ್ರೂ ‘ಬಂದೆ ಕಾಕಾ’ ಅಂತ ಬರ್ತಾನ. ಅವನ ಹೊಟ್ಟಿ ಮ್ಯಾಲ ಹೊಡಿಲೇನು?” ಹಾಗೆ ಹೆಸರು ಹಿಡಿದು ಕರೆಯಲು ನನಗಿಲ್ಲಿ ಯಾರೂ ಇಲ್ಲ.

ಆದರೂ ಅರ್ಜಿ ಬರೆದು ವಾಟ್ಸಾಪಿನಲ್ಲಿ ಕಳಿಸಿದೆ. ಅಪ್ಪ ನೋಡಿ ಸುಮ್ಮನಾದರು. ಮರುದಿನ ಬೆಳಿಗ್ಗೆ ಅವ್ವನ ಫೋನ್: “ಇದನ್ನ ಯಾರ ಕೈಯಾಗ ಕೊಡಬೇಕೋ?”